ಲೈನ್ ಎಳೆಯುವುದು, ಲೈನ್ ಕಟ್ಟುವುದು, ಲೈನ್ ಬಿಡುವುದು

ಗ್ರಾಹಕ ಸೇವೆಯ ನಂಬರಿಗೆ ಫೋನ್ ಮಾಡಿದಾಗ ಕೇಳಿಬರುವ ಧ್ವನಿಮುದ್ರಿತ ಕನ್ನಡದಲ್ಲಿ ಒಂದು ವಾಕ್ಯ ಕಿವಿಗೆ ಮುಳ್ಳಿನಂತೆ ಚುಚ್ಚುತ್ತದೆ: ‘ದಯವಿಟ್ಟು ಸಾಲಿನಲ್ಲಿಯೇ ಇರಿ.’ ಪಡಿತರದ ಅಂಗಡಿಯ ಮುಂದೆ ನಿಂತವರಿಗೆ ಹೇಳುವ ಮಾತದು. ಫೋನ್ ಹಿಡಿದುಕೊಂಡವರಿಗೆ ಯಾರೂ ಹಾಗೆ ಹೇಳುವುದಿಲ್ಲ. ‘ಲೈನಲ್ಲೇ ಇರಿ’ ಅನ್ನುತ್ತಾರೆ, ಇಲ್ಲವೇ ‘ಫೋನ್ ಇಡಬೇಡಿ’ ಅನ್ನುತ್ತಾರೆ. ಅನುವಾದ ಮಾಡಿದವರು ನಿಘಂಟಿನಲ್ಲಿ ‘ಲೈನ್’ ಎದುರಿಗೆ ಸಿಕ್ಕ ಒಂದು ಪದವನ್ನು ಎತ್ತಿ ತಂದು ಕೂರಿಸಿದ್ದಾರೆ, ಅಷ್ಟೆ. ತಪ್ಪು ಸಣ್ಣದು, ಯಾರಿಗೂ ನಷ್ಟವಿಲ್ಲ. ಆದರೂ ಅದು ತಲೆಯಿಂದ ಹೋಗುವುದಿಲ್ಲ. ಸಾಲು ಅಂದರೂ ಲೈನೇ ತಾನೆ, ಮತ್ತೆ ಇಲ್ಲಿ ಯಾಕೆ ಒಗ್ಗಲಿಲ್ಲ?

ಈ ಪದ ದಿನಕ್ಕೆ ಎಷ್ಟು ಸಲ ನಮ್ಮ ಬಾಯಿಗೆ ಬರುತ್ತದೆ ನೋಡಿ. ಕರೆಂಟು ಹೋದರೆ ‘ಲೈನ್ ಇಲ್ಲ’. ಹೊಸ ಮನೆಗೆ ನಲ್ಲಿ ಬೇಕಾದರೆ ‘ನೀರಿನ ಲೈನ್ ಎಳೆಸಬೇಕು’. ಶಾಲೆಯ ಅಂಗಳದಲ್ಲಿ ‘ಲೈನಾಗಿ ನಿಂತ್ಕೊಳ್ಳಿ’. ಹುಡುಗ ಹುಡುಗಿಯ ಹಿಂದೆ ಸುತ್ತಿದರೆ ‘ಲೈನ್ ಹೊಡೀತಿದಾನೆ’. ಹಟಮಾರಿ ಮಗ ಹೇಳಿದ ಮಾತು ಕೇಳತೊಡಗಿದರೆ ‘ಈಗ ಲೈನಿಗೆ ಬಂದ’. ಬಸ್ಸಿನಲ್ಲಿ ಪಕ್ಕ ಕೂತವರ ಪರಿಚಯವಾದರೆ ‘ನೀವು ಯಾವ ಲೈನಲ್ಲಿದೀರಿ?’ ಒಂದೇ ಪದ. ಆದರೆ ಕೇಳಿದವರಿಗೆ ಯಾವ ಅರ್ಥವೆಂದು ಒಂದು ಕ್ಷಣವೂ ಗೊಂದಲವಾಗುವುದಿಲ್ಲ.

ಗೊಂದಲವಾಗದಿರಲು ಕಾರಣ ಲೈನ್ ಅಲ್ಲ, ಅದರ ಪಕ್ಕ ಕೂತ ಕ್ರಿಯಾಪದ. ನಾಮಪದ ಇಂಗ್ಲಿಷಿನಿಂದ ಬಂತು, ಕ್ರಿಯಾಪದ ಬರಲಿಲ್ಲ. ಅದು ಇಲ್ಲಿಯೇ ಇತ್ತು, ಬೇರೊಂದು ಕನ್ನಡ ಪದದ ಜೊತೆ ಸಂಸಾರ ಮಾಡಿಕೊಂಡಿತ್ತು. ಗೆರೆ ಎಳೆಯುತ್ತಿದ್ದವರು ಲೈನ್ ಎಳೆದರು. ದಾರ ಕಟ್ಟುತ್ತಿದ್ದವರು ಲೈನ್ ಕಟ್ಟಿದರು. ಗೀಟು ಹಾಕುತ್ತಿದ್ದವರು ಲೈನ್ ಹಾಕಿದರು. ದಾರಿಗೆ ಬಾ ಅನ್ನುತ್ತಿದ್ದವರು ಲೈನಿಗೆ ಬಾ ಅಂದರು. ಹಳೆಯ ನಾಮಪದ ಎದ್ದುಹೋದ ಜಾಗದಲ್ಲಿ ಲೈನ್ ಬಂದು ಕೂತಿದೆ, ಕ್ರಿಯಾಪದ ಮಾತ್ರ ಹಳೆಯ ನೆಂಟಸ್ತಿಕೆಯನ್ನು ಬಿಟ್ಟಿಲ್ಲ. ಹಾಗಾಗಿ ಯಾವುದಾದರೂ ವಾಕ್ಯದಲ್ಲಿ ‘ಲೈನ್’ ಅಂದರೆ ಏನು ಎಂದು ತಿಳಿಯಬೇಕಾದರೆ ಆ ಪದವನ್ನು ಕೈಯಿಂದ ಮುಚ್ಚಿ ಕ್ರಿಯಾಪದವನ್ನು ಮಾತ್ರ ಓದಿ. ಅದರಡಿಯ ಕನ್ನಡ ಪದ ತಾನಾಗಿ ಮೇಲೆ ಬರುತ್ತದೆ. ಫೋನಿನ ಲೈನಿನಲ್ಲಿ ಮಾತ್ರ ಹಾಗೆ ಏನೂ ಮೇಲೆ ಬರುವುದಿಲ್ಲ. ಫೋನು ಬರುವ ಮೊದಲು ನಮ್ಮಲ್ಲಿ ಅಂಥದ್ದೊಂದು ವಸ್ತುವೇ ಇರಲಿಲ್ಲ. ವಸ್ತುವೂ ಪದವೂ ಒಟ್ಟಿಗೇ ಬಂದವು. ಅಲ್ಲಿಗೆ ‘ಸಾಲು’ ತಂದು ಹಾಕಿದರೆ ಅದು ಒಗ್ಗದಿರುವುದು ಅದಕ್ಕೇ.

ಗಾರೆಯವರ ದಾರ

ಲೈನ್ ಪದದ ಅತಿ ಹಳೆಯ ಅರ್ಥ ಇವತ್ತಿಗೂ ದಿನಗೂಲಿಗೆ ದುಡಿಯುತ್ತಿರುವುದು ಮನೆ ಕಟ್ಟುವ ಜಾಗದಲ್ಲಿ. ಮೇಸ್ತ್ರಿ ‘ಲೈನ್ ಕಟ್ಟು’ ಅಂದರೆ ಸಹಾಯಕ ಹುಡುಗ ಹುಡುಕುವುದು ದಾರದ ಉಂಡೆಯನ್ನು. ಗೋಡೆಯ ಎರಡೂ ಮೂಲೆಗಳನ್ನು ಮೊದಲು ಮೂರು ನಾಲ್ಕು ವರಸೆ, ಅಂದರೆ ಇಟ್ಟಿಗೆಯ ಸಾಲು, ಎತ್ತರಿಸುತ್ತಾರೆ. ಮೂಲೆಗಳು ನೆಟ್ಟಗಿವೆಯೇ ಎಂದು ತೂಗುಗುಂಡು ಬಿಟ್ಟು ನೋಡುತ್ತಾರೆ, ಎರಡೂ ಮೂಲೆ ಒಂದೇ ಮಟ್ಟದಲ್ಲಿವೆಯೇ ಎಂದು ನೀರು ತುಂಬಿದ ಪಾರದರ್ಶಕ ಪೈಪು ಹಿಡಿದು ನೋಡುತ್ತಾರೆ. ಆಮೇಲೆ ಒಂದು ಮೂಲೆಯ ಗಾರೆ ಸಂದಿಗೆ ಮೊಳೆ ಚುಚ್ಚಿ ದಾರ ಸುತ್ತಿ, ಇನ್ನೊಂದು ಮೂಲೆಯವರೆಗೆ ಬಿಗಿಯಾಗಿ ಎಳೆದು ಕಟ್ಟುತ್ತಾರೆ. ದಾರ ಕೂರಬೇಕಾದದ್ದು ಈಗ ಇಡಲಿರುವ ವರಸೆಯ ಮೇಲಂಚಿನ ಎತ್ತರಕ್ಕೆ. ಒಂದು ವರಸೆ ಮುಗಿದರೆ ದಾರವನ್ನು ಒಂದು ಇಟ್ಟಿಗೆಯಷ್ಟು ಮೇಲಕ್ಕೆ ಸರಿಸಬೇಕು. ದಿನವಿಡೀ ಇದೇ ಕೆಲಸ.

ಹೊಸಬರು ತಪ್ಪುವುದು ಒಂದೇ ಕಡೆ. ಇಟ್ಟಿಗೆ ದಾರಕ್ಕೆ ತಾಗಬೇಕು ಅಂದುಕೊಳ್ಳುತ್ತಾರೆ. ತಾಗಬಾರದು. ಇಟ್ಟಿಗೆಗೂ ದಾರಕ್ಕೂ ನಡುವೆ ಇನ್ನೊಂದು ದಾರ ತೂರುವಷ್ಟು, ಅಂದರೆ 1 ಅಥವಾ 2 ಮಿ.ಮೀ. ಬೆಳಕು ಕಾಣಬೇಕು. ಒಂದು ಇಟ್ಟಿಗೆ ದಾರಕ್ಕೆ ತಾಗಿ ಕೂದಲೆಳೆಯಷ್ಟು ಹೊರಕ್ಕೆ ತಳ್ಳಿತೆಂದರೆ ಮುಂದಿನ ಇಟ್ಟಿಗೆಯನ್ನು ಆ ತಳ್ಳಿದ ದಾರಕ್ಕೆ ಸರಿಯಾಗಿ ಇಡುತ್ತಾರೆ, ಅದು ಇನ್ನಷ್ಟು ತಳ್ಳುತ್ತದೆ. ದಾರ ನೇರವಾಗಿಯೇ ಇದೆ ಅನ್ನಿಸುತ್ತಿರುತ್ತದೆ, ಗೋಡೆ ಬಾಗುತ್ತಿರುತ್ತದೆ. ಹತ್ತು ವರಸೆ ಮೇಲೇರಿದ ಮೇಲೆ ದೂರ ನಿಂತು ನೋಡಿದರೆ ನಡುವೆ ಗೋಡೆಗೆ ಹೊಟ್ಟೆ ಬಂದಿರುತ್ತದೆ. ಅದನ್ನು ಪ್ಲಾಸ್ಟರಿನಲ್ಲಿ ಮುಚ್ಚುತ್ತೇವೆಂದು ಹೇಳುವವರಿದ್ದಾರೆ. ಒಳಗೋಡೆಗೆ ಸಾಮಾನ್ಯವಾಗಿ 12 ಮಿ.ಮೀ. ಪ್ಲಾಸ್ಟರ್ ಸಾಕು, ಹೊಟ್ಟೆಯ ಆಚೀಚೆ ಅದನ್ನು 25 ಮಿ.ಮೀ.ವರೆಗೆ ತುಂಬಬೇಕಾಗುತ್ತದೆ. ಒಂದೇ ಸಲಕ್ಕೆ ಅಷ್ಟು ದಪ್ಪ ಬಳಿದರೆ ಅದು ತನ್ನ ಭಾರಕ್ಕೇ ಜಾರುತ್ತದೆ, ಒಣಗುವಾಗ ಬಿರಿಯುತ್ತದೆ. ಉದ್ದ ಗೋಡೆಯಾದರೆ ಇನ್ನೊಂದು ತೊಂದರೆ: ದಾರ ನಡುವೆ ಜೋತುಬೀಳುತ್ತದೆ. ನಡುವೆ ಒಂದು ಇಟ್ಟಿಗೆಯನ್ನು ಮೊದಲೇ ಸರಿಯಾದ ಮಟ್ಟಕ್ಕೆ ಕೂರಿಸಿ ದಾರಕ್ಕೆ ಆಸರೆ ಕೊಟ್ಟು, ಒಂದು ತುದಿಯಿಂದ ಒಂದೇ ಕಣ್ಣಲ್ಲಿ ನೋಡಿ ಸರಿಪಡಿಸುವ ಮೇಸ್ತ್ರಿ ಕೆಲಸ ಬಲ್ಲವನು.

ಪಾಯ ಗುರುತು ಮಾಡುವಾಗಲೂ ಇದೇ ದಾರ. ಮೂಲೆ ಸರಿಯಾಗಿ ಬರಬೇಕಾದರೆ ಒಂದು ದಾರದ ಮೇಲೆ ಮೂಲೆಯಿಂದ 3 ಅಡಿಗೆ ಗುರುತು, ಇನ್ನೊಂದರ ಮೇಲೆ 4 ಅಡಿಗೆ ಗುರುತು, ಎರಡು ಗುರುತುಗಳ ನಡುವೆ ಟೇಪು ಹಿಡಿದರೆ ಸರಿಯಾಗಿ 5 ಅಡಿ ಬರಬೇಕು. ಒಂದಿಂಚು ಹೆಚ್ಚು ಕಡಿಮೆಯಾದರೂ ಕೋಣೆ ಸೊಟ್ಟ. ದೊಡ್ಡ ಮನೆಗೆ 6, 8, 10 ಹಿಡಿಯುವುದು ಇನ್ನೂ ಒಳ್ಳೆಯದು, ಸಣ್ಣ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ. ದಾರ ಸರಿಯಾಗಿ ಕೂತ ಮೇಲೆ ಅದರ ಗುಂಟ ಸುಣ್ಣದ ಪುಡಿ ಉದುರಿಸುತ್ತಾರೆ. ಆಮೇಲೆ ದಾರ ಬಿಚ್ಚುತ್ತಾರೆ, ನೆಲದ ಮೇಲೆ ಬಿಳಿ ಗೆರೆ ಉಳಿಯುತ್ತದೆ. ದಾರವೂ ಲೈನು, ಅದು ಬಿಟ್ಟುಹೋದ ಗೆರೆಯೂ ಲೈನು. ಈ ಪದ ವಸ್ತುವಿನಿಂದ ಗುರುತಿಗೆ ದಾಟಿದ್ದು ಹೇಗೆ ಎಂದು ತಿಳಿಯಲು ಬೇರೆ ಪಾಠ ಬೇಕಿಲ್ಲ.

ನಮ್ಮ ಕಡೆಯ ಬಡಗಿ ಬಣ್ಣದಲ್ಲಿ ಅದ್ದಿದ ನೂಲನ್ನು ಮರದ ಮೇಲೆ ಬಿಗಿದು ಹಿಡಿದು, ನಡುವೆ ಚಿಟಿಕೆಯಲ್ಲಿ ಎತ್ತಿ ಬಿಟ್ಟು ಗೆರೆ ಹೊಡೆಯುತ್ತಾನೆ. ಸಂಸ್ಕೃತದ ಸೂತ್ರವೆಂದರೂ ಮೊದಲ ಅರ್ಥ ದಾರವೇ. ಸೂತ್ರ ಹಿಡಿದವನು ಸೂತ್ರಧಾರ. ನಾಟಕಕ್ಕೆ ಮಾತ್ರವಲ್ಲ, ಶಿಲ್ಪಿಗೆ ಬಡಗಿಗೆ ಕೂಡ ಆ ಹೆಸರಿತ್ತು. ಸಿನಿಮಾದವರು ‘ಒನ್‌ಲೈನ್ ಹೇಳಿ’ ಅನ್ನುವುದನ್ನು ಕನ್ನಡದಲ್ಲಿ ‘ಕಥೆಯ ಒಂದೆಳೆ’ ಅನ್ನುತ್ತೇವಲ್ಲ, ಅಲ್ಲೂ ಸಿಗುವುದು ನೂಲಿನ ಎಳೆ.

ಅಗಸೆಯ ನಾರು

ಲೈನಿನಡಿ ಹೀಗೆ ದಾರ ಸಿಗುವುದು ಕಾಕತಾಳೀಯವೇನಲ್ಲ. ಲ್ಯಾಟಿನ್ನಿನಲ್ಲಿ ಅಗಸೆ ಗಿಡಕ್ಕೆ ಲೀನುಮ್ ಎಂದು ಹೆಸರು. ಅದರ ನಾರಿನಿಂದ ಹೊಸೆದ ದಾರ ಲೀನಿಯ. ಲೈನ್ ಹುಟ್ಟಿದ್ದು ಆ ದಾರದಿಂದ. 1753ರಲ್ಲಿ ಲಿನೇಯಸ್ ಈ ಗಿಡಕ್ಕೆ ಕೊಟ್ಟ ಶಾಸ್ತ್ರೀಯ ಹೆಸರು ಲೀನುಮ್ ಯುಸಿಟಾಟಿಸ್ಸಿಮುಮ್, ಅಂದರೆ ಬಹಳ ಉಪಯೋಗದ ಅಗಸೆ. ಲಿನನ್ ಬಟ್ಟೆ, ಲಿನ್‌ಸೀಡ್ ಎಣ್ಣೆ, ಆ ಎಣ್ಣೆಯನ್ನು ಗಟ್ಟಿ ಮಾಡಿ ತಯಾರಿಸುತ್ತಿದ್ದ ನೆಲಹಾಸು ಲಿನೋಲಿಯಮ್, ಎಲ್ಲ ಒಂದೇ ಗಿಡದ ಮಕ್ಕಳು.

ಉತ್ತರ ಕರ್ನಾಟಕದಲ್ಲಿ ಅಗಸಿ ಹಿಂಡಿ ಇಲ್ಲದೆ ರೊಟ್ಟಿ ಊಟ ಪೂರ್ತಿ ಆಗುವುದಿಲ್ಲ. ಅಗಸಿ ಬೀಜವನ್ನು ಚಟಪಟ ಸಿಡಿಯುವವರೆಗೆ ಹುರಿದು, ಒಣ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಹಾಕಿ ಕುಟ್ಟಿದರೆ ಹಿಂಡಿ. ಹಿಂಗಾರಿನಲ್ಲಿ ಬೆಳೆಯುವ ಈ ಗಿಡವನ್ನು ಅಷ್ಟು ಚೆನ್ನಾಗಿ ಬಲ್ಲ ನಾವು ಅದರ ನಾರಿನಿಂದ ಯಾಕೆ ದಾರ ಮಾಡಲಿಲ್ಲ? ಉತ್ತರ ಗಿಡದ ತಳಿಯಲ್ಲಿದೆ. ಬೀಜಕ್ಕಾಗಿ ಬೆಳೆಯುವ ಅಗಸೆ ಗಿಡ್ಡ, ಕವಲೊಡೆಯುತ್ತದೆ, ಕವಲು ಹೆಚ್ಚಿದಷ್ಟೂ ಕಾಯಿ ಹೆಚ್ಚು. ನಾರಿಗೆ ಬೇಕಾದ್ದು ಉದ್ದನೆಯ, ಕವಲಿಲ್ಲದ ಕಡ್ಡಿ. ತಂಪು ಹವೆಯ ನಾಡಿನಲ್ಲಿ ಬೀಜವನ್ನು ಒತ್ತೊತ್ತಾಗಿ ಬಿತ್ತಿ, ಗಿಡಗಳು ಕವಲೊಡೆಯಲು ಜಾಗವೇ ಸಿಗದಂತೆ ಮಾಡಿ, ಬೇರುಸಹಿತ ಕಿತ್ತು, ನೀರಿನಲ್ಲಿ ಅಥವಾ ಇಬ್ಬನಿಯಲ್ಲಿ ಕೊಳೆಸಿ ನಾರು ಬಿಡಿಸುತ್ತಿದ್ದರು. ನಮ್ಮ ಬಿಸಿಲಿಗೆ ಹತ್ತಿ ಇತ್ತು. ನಮ್ಮ ನೂಲು ಹತ್ತಿಯಿಂದ ಬಂತು, ಅವರ ಲೈನು ಅಗಸೆಯಿಂದ ಬಂತು. ಗಿಡ ನಮ್ಮ ಹೊಲದಲ್ಲೇ ಇತ್ತು, ಪದ ಮಾತ್ರ ಸುತ್ತಿ ಬಳಸಿ ಸಮುದ್ರ ದಾಟಿ ಬಂತು.

ಬ್ಲೌಸಿನ ‘ಲೈನಿಂಗ್’ ಕೂಡ ಈ ಅಗಸೆಯದೇ. ಮೇಲುಡುಪಿನ ಒಳಗೆ ಲಿನನ್ ಬಟ್ಟೆ ಕೊಟ್ಟು ಹೊಲಿಯುತ್ತಿದ್ದುದರಿಂದ ಆ ಹೆಸರು. ಗೆರೆಗೂ ಇದಕ್ಕೂ ನೇರ ಸಂಬಂಧವಿಲ್ಲ. ಇವು ಒಂದೇ ಗಿಡದ ಎರಡು ಕವಲು. ಹೊಲಿಗೆಯವರು ರೇಷ್ಮೆ ಬ್ಲೌಸಿಗೆ ಕೊಡುವ ಹತ್ತಿಯ ಲೈನಿಂಗ್ ಬಟ್ಟೆಯನ್ನು ಕತ್ತರಿಸುವ ಮೊದಲು ರಾತ್ರಿಯಿಡೀ ನೀರಲ್ಲಿ ನೆನೆಹಾಕಿ, ಹಿಂಡದೆ ನೆರಳಲ್ಲಿ ಒಣಗಿಸಿ, ಇಸ್ತ್ರಿ ಹಾಕಬೇಕು. ಅವಸರಕ್ಕೆ ಇದನ್ನು ಬಿಟ್ಟರೆ ಮೊದಲ ಒಗೆತಕ್ಕೆ ಒಳಗಿನ ಹತ್ತಿ ಕುಗ್ಗುತ್ತದೆ, ಮೇಲಿನ ರೇಷ್ಮೆ ಕುಗ್ಗುವುದಿಲ್ಲ. ಕಂಕುಳ ಹತ್ತಿರ, ಮೈಗೆ ಹೊಂದಲು ಹಿಡಿದ ಮಡಿಕೆಯ, ಅಂದರೆ ಡಾರ್ಟಿನ, ತುದಿಯಲ್ಲಿ ಬಟ್ಟೆ ಸುಕ್ಕುಸುಕ್ಕಾಗಿ ಎದ್ದು ನಿಲ್ಲುತ್ತದೆ. ಇಸ್ತ್ರಿಯಿಂದ ಅದು ಹೋಗುವುದಿಲ್ಲ, ಬಿಚ್ಚಿ ಹೊಲಿಯುವುದೊಂದೇ ದಾರಿ. ಮೆಕ್ಯಾನಿಕ್ ‘ಬ್ರೇಕ್ ಲೈನಿಂಗ್ ಸವೆದಿದೆ’ ಅನ್ನುವಾಗಿನ ಲೈನಿಂಗ್ ಕೂಡ ಇದೇ ಒಳಪದರ. ಅದೇ ಹೊಲಿಗೆ ಅಂಗಡಿಯಲ್ಲಿ ಗುಂಡಿಯ ಪ್ಯಾಕೆಟ್ಟಿನ ಮೇಲೆ 18 ಎಲ್, 24 ಎಲ್ ಎಂದಿರುತ್ತದೆ. ಆ ಎಲ್ ಕೂಡ ಲೈನೇ, ಫ್ರೆಂಚರ ಅಳತೆ. ಗುಂಡಿಯ ವ್ಯಾಪಾರದಲ್ಲಿ 40 ಲೈನಿಗೆ ಒಂದು ಇಂಚು. ಅಂಗಿಯ ಮುಂದಿನ 18 ಲೈನಿನ ಗುಂಡಿ ಸುಮಾರು 11.4 ಮಿ.ಮೀ. ಅಡ್ಡಗಲ, 24 ಲೈನಿನದು 15 ಮಿ.ಮೀ.ಗಿಂತ ತುಸು ದೊಡ್ಡದು. ಕಾಜ ಹೊಲಿಯುವ ಮೊದಲು ಇದನ್ನು ನೋಡಿಕೊಳ್ಳದಿದ್ದರೆ ಗುಂಡಿ ತೂರುವುದಿಲ್ಲ, ಅಥವಾ ತೂರಿದ್ದು ನಿಲ್ಲುವುದಿಲ್ಲ.

ಲೈನ್ ಕ್ಲಿಯರ್

ಲೈನ್ ಪದದ ಅರ್ಥ ತಪ್ಪಿದರೆ ಜೀವ ಹೋಗುವ ಜಾಗವೂ ಇದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ದೂರ ಕರೆಂಟಿನ ಲೈನ್ ಎಳೆದರು. ಅಂದಿನಿಂದ ಕರ್ನಾಟಕದ ಹಳ್ಳಿ ಹಳ್ಳಿಯಲ್ಲಿ ಲೈನ್ ಅಂದರೆ ಮೊದಲು ನೆನಪಾಗುವುದು ಕಂಬ, ತಂತಿ ಮತ್ತು ಲೈನ್‌ಮ್ಯಾನ್. ಕಡತದಲ್ಲಿ ಲೈನ್‌ಮ್ಯಾನ್‌ಗೆ ‘ಮಾರ್ಗದಾಳು’ ಎಂಬ ಹೆಸರಿತ್ತು, ಈಗ ಹುದ್ದೆಯ ಹೆಸರು ಪವರ್‌ಮ್ಯಾನ್. ಎರಡೂ ಕಡತದಲ್ಲೇ ಉಳಿದವು. ರಾತ್ರಿ ಮಳೆಗೆ ಕೊಂಬೆ ಬಿದ್ದು ತಂತಿ ಹರಿದಾಗ ಊರಿನವರು ಫೋನ್ ಮಾಡುವುದು ‘ಲೈನ್‌ಮ್ಯಾನ್ ಅಣ್ಣ’ನಿಗೆ. ನನ್ನ ಮಟ್ಟಿಗೆ ಮಾರ್ಗದಾಳು ಕೆಟ್ಟ ಪದವಲ್ಲ. ಆದರೆ ಇಲ್ಲಿ ಲೈನಿನಡಿ ಇರುವ ಕನ್ನಡ ಪದ ಮಾರ್ಗ ಅಲ್ಲ, ತಂತಿ. ‘ಲೈನ್ ಎಳೆದರು’, ‘ಲೈನ್ ಹರಿದು ಬಿತ್ತು’, ‘ಲೈನ್ ಜೋತಿದೆ’ ಅನ್ನುತ್ತೇವೆ. ಮಾರ್ಗ ಹರಿದು ಬೀಳುವುದಿಲ್ಲ.

11 ಕೆ.ವಿ., ಅಂದರೆ 11,000 ವೋಲ್ಟಿನ, ತಂತಿಯ ಮೇಲೆ ಕೆಲಸ ಮಾಡುವ ಮೊದಲು ತೆಗೆದುಕೊಳ್ಳುವ ಅನುಮತಿಗೆ ಲೈನ್ ಕ್ಲಿಯರ್ ಎಂದು ಹೆಸರು, ಬಾಯಲ್ಲಿ ಎಲ್‌ಸಿ. ಸಿಬ್ಬಂದಿ ಸಬ್‌ಸ್ಟೇಷನ್ನಿನ ಆಪರೇಟರಿಗೆ ಫೋನ್ ಮಾಡಿ ಯಾವ ಫೀಡರು (ಸಬ್‌ಸ್ಟೇಷನ್ನಿನಿಂದ ಹೊರಡುವ ಯಾವ ಲೈನು), ಯಾವ ಕೆಲಸ, ಯಾರು ತೆಗೆದುಕೊಳ್ಳುತ್ತಿರುವುದು ಎಂದು ಹೇಳುತ್ತಾರೆ. ಆಪರೇಟರು ಕರೆಂಟು ಕಡಿಯುವ ಬ್ರೇಕರ್ ತೆಗೆದು, ಲೈನನ್ನು ಪೂರ್ತಿ ಬೇರ್ಪಡಿಸುವ ಐಸೊಲೇಟರ್ ತೆರೆದು, ಲೈನನ್ನು ಭೂಮಿಗೆ ಜೋಡಿಸುವ ಅರ್ತ್ ಸ್ವಿಚ್ ಹಾಕಿ, ‘ಲೈನ್ ಮೇಲೆ ಜನ ಕೆಲಸ ಮಾಡುತ್ತಿದ್ದಾರೆ’ ಎಂಬ ಫಲಕ ತೂಗುಹಾಕಿ, ರಿಜಿಸ್ಟರಿನಲ್ಲಿ ಸಮಯ ಬರೆದು ಒಂದು ನಂಬರ್ ಕೊಡುತ್ತಾರೆ. ನಂಬರ್ ಸಿಕ್ಕಿದ ಕೂಡಲೇ ಕಂಬ ಹತ್ತುವುದಲ್ಲ. ಮೂರೂ ತಂತಿಯನ್ನು ಒಟ್ಟಿಗೆ ಬಿಡಿಸುವ, ಕಂಬದ ಮೇಲಿನ ಜಿಓಎಸ್ ಸ್ವಿಚ್ಚಿನ ಹಿಡಿಕೆ ಎಳೆದು, ಮೂರೂ ಬ್ಲೇಡುಗಳು ಬಿಟ್ಟುಕೊಂಡಿರುವುದನ್ನು ಕಣ್ಣಾರೆ ನೋಡಿ ಬೀಗ ಹಾಕಬೇಕು. ಒಂದು ಬ್ಲೇಡು ತುಕ್ಕು ಹಿಡಿದು ಅಂಟಿಕೊಂಡಿದ್ದರೆ ಹಿಡಿಕೆ ಕೆಳಗೆ ಬಂದಿರುತ್ತದೆ, ಆ ಒಂದು ತಂತಿಗೆ ಮಾತ್ರ ಕರೆಂಟು ಬರುವ ದಾರಿ ತೆರೆದೇ ಇರುತ್ತದೆ. ಆಮೇಲೆ ಟೆಸ್ಟರಿನಿಂದ ನೋಡಬೇಕು. ಕೊನೆಗೆ ಅರ್ತ್ ರಾಡ್. ಮೊದಲು ಭೂಮಿಯ ಕಡೆಯ ತುದಿಯನ್ನು ಬಿಗಿಯಬೇಕು, ನಂತರ ಕೋಲಿನ ತುದಿಯ ಕೊಕ್ಕೆಯನ್ನು ತಂತಿಗೆ ಹಾಕಬೇಕು. ತೆಗೆಯುವಾಗ ತಂತಿಯದು ಮೊದಲು, ಭೂಮಿಯದು ಕೊನೆಗೆ. ಈ ಕ್ರಮ ತಿರುಗುಮುರುಗಾದರೆ ರಾಡ್ ಹಿಡಿದವರ ಮೈಯೇ ಭೂಮಿಗೆ ದಾರಿಯಾಗುತ್ತದೆ. ಕೆಲಸ ಮಾಡುವ ಜಾಗದ ಎರಡೂ ಕಡೆ ಅರ್ತ್ ಇರಬೇಕು.

ಬ್ರೇಕರ್ ತೆಗೆದ ಮೇಲೂ ಇಷ್ಟೆಲ್ಲ ಯಾಕೆ? ಊರೊಳಗೆ ಯಾರೋ ಮದುವೆ ಮನೆಯವರು ಹೊರಗಿನ ಲೈನನ್ನು ಕಡಿದು ಜನರೇಟರಿಗೆ ಬದಲಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರನ್ನು ನೇರವಾಗಿ ಮೀಟರ್ ಬೋರ್ಡಿಗೆ ಕೊಟ್ಟಿರುತ್ತಾರೆ. ಆ 230 ವೋಲ್ಟು ಸರ್ವಿಸ್ ವೈರಿನಲ್ಲಿ ಹಿಮ್ಮುಖವಾಗಿ ಹೋಗಿ ಟ್ರಾನ್ಸ್‌ಫಾರ್ಮರಿನ ಕೆಳಗಿನ ಸುರುಳಿ ಮುಟ್ಟಿದರೆ ಮೇಲಿನ ಸುರುಳಿಯಲ್ಲಿ 11,000 ವೋಲ್ಟಿನ ಹತ್ತಿರ ಏಳಬಹುದು. ಸತ್ತಿದೆ ಅಂದುಕೊಂಡ ಲೈನಿಗೆ ಜೀವ ಬರುತ್ತದೆ. ಪಕ್ಕದಲ್ಲೇ ಓಡುವ ಇನ್ನೊಂದು ಲೈನಿನ ಪ್ರೇರಣೆಯಿಂದಲೂ ಕರೆಂಟು ಹುಟ್ಟುತ್ತದೆ. ಒಂದೇ ಕಂಬದ ಮೇಲೆ ಎರಡು ಫೀಡರಿನ ತಂತಿ ಇದ್ದರೆ ಒಂದಕ್ಕೆ ಎಲ್‌ಸಿ ತೆಗೆದುಕೊಂಡು ಇನ್ನೊಂದನ್ನು ಮುಟ್ಟುವ ಅಪಾಯ ಬೇರೆ. ಎರಡೂ ಕಡೆ ಅರ್ತ್ ಹಾಕಿದ್ದರೆ ಬರುವ ಕರೆಂಟು ಮನುಷ್ಯನನ್ನು ಬಿಟ್ಟು ನೆಲಕ್ಕಿಳಿಯುತ್ತದೆ. ಕೆಲಸ ಮುಗಿದ ಮೇಲೆ ಹತ್ತಿದವರೆಲ್ಲ ಇಳಿದಿದ್ದಾರೆಯೇ ಎಂದು ತಲೆ ಎಣಿಸಿ, ಅರ್ತ್ ತೆಗೆದು, ಎಲ್‌ಸಿ ತೆಗೆದುಕೊಂಡವರೇ ಅದೇ ನಂಬರ್ ಹೇಳಿ ವಾಪಸ್ ಕೊಡಬೇಕು. ಅವರು ಚಹಾ ಕುಡಿಯಲು ಹೋಗಿದ್ದಾರೆಂದು ಬೇರೆಯವರು ‘ಲೈನ್ ಬಿಡಿ ಸಾರ್’ ಅಂದರೆ ಬಿಡಬಾರದು. ನಮ್ಮಲ್ಲಿ ಎಷ್ಟೋ ಮನೆಗಳ ದೀಪ ಆರಿದ್ದು ಈ ಎರಡು ಪದಗಳಿಂದ. ಲೈನ್ ‘ಬಿಡುವುದು’ ಅನ್ನುವ ಕ್ರಿಯಾಪದ ನೀರಿನಿಂದ ಬಂತು ಅನ್ನಿಸುತ್ತದೆ. ಕಾಲುವೆಗೆ ನೀರು ಬಿಟ್ಟ ಹಾಗೆ ತಂತಿಗೆ ಕರೆಂಟು ಬಿಡುತ್ತೇವೆ. ತೂಬಿನ ಕೆಳಗೆ ಯಾರಿದ್ದಾರೆಂದು ನೋಡಿಯೇ ತೂಬೆತ್ತುವ ರೈತರ ಎಚ್ಚರ ಇಲ್ಲೂ ಬೇಕು.

ರೈಲ್ವೆಯಲ್ಲೂ ಲೈನ್ ಕ್ಲಿಯರ್ ಇದೆ, ಪದಗಳು ಅವೇ, ಅರ್ಥ ತಲೆಕೆಳಗು. ಒಂದೇ ಹಳಿಯ ದಾರಿಯಲ್ಲಿ ಈ ನಿಲ್ದಾಣದ ಸ್ಟೇಷನ್ ಮಾಸ್ಟರು ಮುಂದಿನ ನಿಲ್ದಾಣವನ್ನು ಲೈನ್ ಕ್ಲಿಯರ್ ಕೇಳುತ್ತಾರೆ. ಅವರು ಒಪ್ಪಿ ತಮ್ಮ ಯಂತ್ರವನ್ನು ತಿರುಗಿಸಿದರೆ ಮಾತ್ರ ಈ ಕಡೆಯ ಯಂತ್ರದಿಂದ ಟೋಕನ್ನಾಗಿ ಒಂದು ಉಕ್ಕಿನ ಗುಂಡು ಹೊರಬರುತ್ತಿತ್ತು. ಅದನ್ನು ಬೆತ್ತದ ಬಳೆಯಂಥದ್ದಕ್ಕೆ ಹೊಲಿದ ಚೀಲದಲ್ಲಿಟ್ಟು ಡ್ರೈವರಿಗೆ ಕೊಡುತ್ತಿದ್ದರು. ಎರಡು ನಿಲ್ದಾಣಗಳ ನಡುವೆ ಒಂದು ಹೊತ್ತಿಗೆ ಒಂದೇ ಗುಂಡು ಹೊರಬರುವಂತೆ ಯಂತ್ರಗಳು ಒಂದಕ್ಕೊಂದು ಕಟ್ಟುಬಿದ್ದಿರುತ್ತಿದ್ದವು. ರೈಲ್ವೆಯ ಲೈನ್ ಕ್ಲಿಯರ್ ಅಂದರೆ ರೈಲು ಬರಬಹುದು. ಕರೆಂಟಿನ ಲೈನ್ ಕ್ಲಿಯರ್ ಅಂದರೆ ಕರೆಂಟು ಬರಕೂಡದು. ಒಂದರಲ್ಲಿ ಗಾಡಿಗೆ ದಾರಿ ಬಿಡುವುದು, ಇನ್ನೊಂದರಲ್ಲಿ ಮನುಷ್ಯನಿಗೆ ದಾರಿ ಬಿಡುವುದು. ಹುಡುಗಿಯ ಮನೆಯವರು ಒಪ್ಪಿದರು, ಹೈಕಮಾಂಡ್ ಒಪ್ಪಿತು ಅನ್ನುವುದಕ್ಕೆ ‘ಲೈನ್ ಕ್ಲಿಯರ್ ಆಯ್ತು’ ಅನ್ನುತ್ತೇವಲ್ಲ, ಆ ಮಾತು ಹೊಂದುವುದು ರೈಲ್ವೆಯ ಅರ್ಥಕ್ಕೆ.

ಮನೆಯೊಳಗೂ ಒಂದು ಲೈನ್ ಇದೆ. ಮೂರು ತೂತಿನ ಸಾಕೆಟ್ಟಿನ ಎದುರು ನಿಂತರೆ ಮೇಲಿನ ದಪ್ಪ ತೂತು ಅರ್ತ್, ಬಲಗಡೆಯದು ಲೈನ್, ಎಡಗಡೆಯದು ನ್ಯೂಟ್ರಲ್. ಸ್ವಿಚ್ಚು ಯಾವಾಗಲೂ ಲೈನಿನ ಮೇಲೆ ಇರಬೇಕು. ಅವಸರದ ವೈರಿಂಗಿನಲ್ಲಿ ಅದು ನ್ಯೂಟ್ರಲ್ ಮೇಲೆ ಬಿದ್ದರೂ ಬಲ್ಬು ಹತ್ತುತ್ತದೆ, ಆರುತ್ತದೆ, ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಆದರೆ ಆರಿಸಿದ ಮೇಲೂ ಹೋಲ್ಡರಿನಲ್ಲಿ ಲೈನ್ ಇರುತ್ತದೆ, ಬಲ್ಬು ಬದಲಿಸಲು ಕೈ ಹಾಕಿದವರಿಗೆ ಹೊಡೆಯುತ್ತದೆ. ಸ್ವಿಚ್ ಆರಿಸಿದರೂ ಎಲ್‌ಇಡಿ ಬಲ್ಬು ಮಿಣಮಿಣ ಅನ್ನುತ್ತಿದ್ದರೆ ಮೊದಲು ಅನುಮಾನ ಪಡಬೇಕಾದ್ದು ಇದನ್ನೇ.

ಗೆರೆ, ಸಾಲು, ರೇಖೆ

ಅನುವಾದಕರ ಕಷ್ಟ ಏನೆಂದರೆ ಕನ್ನಡದಲ್ಲಿ ಪದ ಇಲ್ಲದಿರುವುದಲ್ಲ, ಬಹಳ ಇರುವುದು. ಎಳೆದದ್ದು ಗೆರೆ. ಸ್ಲೇಟಿನ ಮೇಲೆ ಬೇಗ ಬೇಗ ಹಾಕಿದ್ದು ಗೀಟು. ಒಂದರ ಪಕ್ಕ ಒಂದು ಇಟ್ಟದ್ದು ಸಾಲು. ಗೆರೆ ಒಂದೇ ವಸ್ತು. ಸಾಲಿಗೆ ಕಡೇಪಕ್ಷ ಎರಡು ಬೇಕು, ಸಾಮಾನ್ಯವಾಗಿ ಹಲವು ಬೇಕು. ನೇಗಿಲ ಸಾಲು, ಸಾಲುದೀಪ, ಕವಿತೆಯ ಸಾಲು. ಹುಲಿಕಲ್ಲಿನಿಂದ ಕುದೂರಿನವರೆಗೆ ರಸ್ತೆ ಬದಿಯಲ್ಲಿ ಆಲದ ಸಸಿ ನೆಟ್ಟು ನೀರು ಹೊತ್ತು ಬೆಳೆಸಿದ ತಿಮ್ಮಕ್ಕನಿಗೆ ನಾಡು ಕೊಟ್ಟ ಹೆಸರು ಸಾಲುಮರದ ತಿಮ್ಮಕ್ಕ. ಅಲ್ಲಿ ಬೇರೆ ಯಾವ ಪದವೂ ಕೂರುವುದಿಲ್ಲ. ಗದ್ದೆಗೆ ಕೃಷಿ ಇಲಾಖೆಯವರು ಹೇಳುವ ಸಾಲು ನಾಟಿಯಲ್ಲೂ ಗಂಟು ಹಾಕಿದ ಹಗ್ಗವನ್ನು ಎರಡೂ ಬದಿಯಲ್ಲಿ ಹಿಡಿದು, ಸಸಿಗಳನ್ನು ದೂರ ದೂರ ನೆಡುವ ಶ್ರೀ ಪದ್ಧತಿಯಾದರೆ 25 ಸೆಂ.ಮೀ.ಗೊಂದು ಸಸಿ ಊರುತ್ತಾರೆ. ಅಲ್ಲಿ ಹಗ್ಗವೇ ಲೈನು, ಸಸಿಗಳು ಸಾಲು. ಊಟಕ್ಕೆ ಕೂತದ್ದು ಪಂಕ್ತಿ. ಕಾಣದ ಗೆರೆಗೆ ಸಂಸ್ಕೃತದ ರೇಖೆ ಬೇಕು: ಬಡತನ ರೇಖೆ, ನಿಯಂತ್ರಣ ರೇಖೆ, ಸರಳರೇಖೆ. ಇವನ್ನು ನೆಲದ ಮೇಲೆ ಯಾರೂ ಎಳೆದಿಲ್ಲ, ಮನಸ್ಸಿನಲ್ಲಿ ಎಳೆದುಕೊಂಡಿದ್ದೇವೆ. ರೇಷನ್ ಅಂಗಡಿಗೆ ಬಿಪಿಎಲ್ ಕಾರ್ಡ್ ಹಿಡಿದು ಹೋಗುವವರ ಕೈಯಲ್ಲಿ ಆ ರೇಖೆ ಎಲ್ ಅಕ್ಷರವಾಗಿ ಕೂತಿದೆ.

ಡೆಡ್‌ಲೈನ್‌ಗೆ ಪತ್ರಿಕೆಯವರು ‘ಗಡುವು’ ಅನ್ನುತ್ತಾರೆ, ಒಳ್ಳೆಯ ಪದ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1864ರಲ್ಲಿ, ಜಾರ್ಜಿಯಾದ ಆಂಡರ್ಸನ್‌ವಿಲ್ ಸೆರೆಮನೆಯ ಗೋಡೆಯ ಒಳಬದಿಯಲ್ಲಿ ಒಂದು ಗಡಿ ಹಾಕಿದ್ದರು. ಅದನ್ನು ದಾಟಿದ ಕೈದಿಗೆ ಕಾವಲುಗಾರರು ಗುಂಡು ಹಾರಿಸುತ್ತಿದ್ದರು. ಡೆಡ್‌ಲೈನ್ ಅಂದರೆ ಮೊದಲು ಅದು.

ಕಾಫಿ ತೋಟಗಳ ‘ಲೈನ್ ಮನೆ’ ಮಾತ್ರ ಯಾವ ಕನ್ನಡ ಪದಕ್ಕೂ ಜಾಗ ಬಿಟ್ಟುಕೊಟ್ಟಿಲ್ಲ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ಲೈನ್ ಅಂದರೆ ಕೂಲಿಕಾರರ ಮನೆಗಳ ಸಾಲು. ಒಂದೇ ಉದ್ದನೆಯ ಸೂರು, ಎರಡು ಮನೆಗೆ ಒಂದೇ ನಡುಗೋಡೆ, ಮುಂದೆ ಒಂದು ಕೋಣೆ, ಹಿಂದೆ ಅಡುಗೆಗೆ ಒಂದಿಷ್ಟು ಜಾಗ. ಸೈನಿಕರನ್ನು ಸಾಲು ಸಾಲಾಗಿ ಇರಿಸುತ್ತಿದ್ದ ಬ್ರಿಟಿಷರ ದಂಡಿನ ಪದವಿದು, ಪೊಲೀಸ್ ಲೈನ್ ಅನ್ನುವುದರಲ್ಲೂ ಅದೇ ಇದೆ. ತೋಟದ ಕಾರ್ಮಿಕರಿಗೆ ಮಾಲೀಕರು ಮನೆ ಕೊಡಬೇಕೆಂದು 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ಹೇಳಿತ್ತು. ಕಾಯ್ದೆ ಹೇಳಿದ್ದು ಮನೆ ಎಂದು. ಅಲ್ಲಿ ಹುಟ್ಟಿ ಬೆಳೆದ ಮಕ್ಕಳು ಹೇಳುವುದು ‘ನಮ್ಮದು ಮೇಲಿನ ಲೈನು’ ಎಂದು. ಇದನ್ನು ‘ಸಾಲು ಮನೆ’ ಎಂದು ಅನುವಾದಿಸಿದರೆ ನಗರದ ಹೊಸ ಬಡಾವಣೆಯ ರೋ ಹೌಸ್ ಕಣ್ಮುಂದೆ ಬರುತ್ತದೆ. ತಲೆಮಾರುಗಳ ಕೂಲಿಯ ಬದುಕು ಆ ಪದದಿಂದ ಜಾರಿ ಹೋಗುತ್ತದೆ. ಇಲ್ಲಿ ಲೈನ್ ಮನೆಯನ್ನು ಹಾಗೇ ಉಳಿಸಬೇಕು.

ವ್ಯಾಪಾರದವರ ಲೈನ್ ಬೇರೆ. ಬಿಸ್ಕತ್ತು, ಸೋಪು ತುಂಬಿದ ಗಾಡಿ ಸೋಮವಾರ ಒಂದು ದಿಕ್ಕಿನ ಹಳ್ಳಿಗಳಿಗೆ, ಮಂಗಳವಾರ ಇನ್ನೊಂದು ದಿಕ್ಕಿಗೆ ಹೋದರೆ ‘ಲೈನ್ ಸೇಲ್’. ದೂರದ ಊರಿಗೆ ಲಾರಿ ಹೊಡೆಯುವವನು ‘ಲೈನ್ ಮೇಲೆ ಹೋಗಿದಾನೆ’. ಇಲ್ಲಿ ಒಳಗಿರುವ ಪದ ದಾರಿ. ‘ಯಾವ ಲೈನಲ್ಲಿದೀರಿ’ ಅನ್ನುವಾಗ ಇರುವ ಪದ ಕಸುಬು, ‘ಆ ಲೈನೇ ಬಿಟ್ಟುಬಿಟ್ಟೆ’ ಅನ್ನುವಾಗಲೂ ಅದೇ. ‘ಲೈನ್ ಹೊಡೆಯುವುದು’ ನಮ್ಮೊಬ್ಬರದೇ ಅಲ್ಲ. ಹಿಂದಿಯಲ್ಲಿ ಲೈನ್ ಮಾರ್ನಾ, ತಮಿಳಿನಲ್ಲಿ ಲೈನ್ ಅಡಿಕ್ಕಿರದು, ಎಲ್ಲ ಕಡೆ ಹೊಡೆತವೇ.

ಆನ್‌ಲೈನ್ ಹಾಕುವುದು

ಈಗ ಹಳ್ಳಿಗಳಲ್ಲಿ ಕೇಳುತ್ತಿರುವ ಲೈನ್ ಎಲ್ಲಕ್ಕಿಂತ ಹೊಸದು. ಗ್ರಾಮ ಒನ್ ಕೇಂದ್ರದ ಮುಂದೆ, ಸೈಬರ್ ಅಂಗಡಿಯ ಕಟ್ಟೆಯ ಮೇಲೆ ಕೂತವರ ಮಾತು ಹೀಗಿರುತ್ತದೆ: ‘ಜಾತಿ ಸರ್ಟಿಫಿಕೇಟಿಗೆ ಆನ್‌ಲೈನ್ ಹಾಕ್ಸಿದೀನಿ.’ ‘ಮಗಳ ಸ್ಕಾಲರ್‌ಶಿಪ್ ಆನ್‌ಲೈನ್ ಆಯ್ತಾ?’ ‘ಸರ್ವರ್ ಇಲ್ಲ, ಇವತ್ತು ಆನ್‌ಲೈನ್ ಆಗಲ್ವಂತೆ, ನಾಳೆ ಬಾ ಅಂದ್ರು.’ ಇಂಗ್ಲಿಷಿನಲ್ಲಿ ಆನ್‌ಲೈನ್ ಎನ್ನುವುದು ಒಂದು ಸ್ಥಿತಿ, ಜಾಲಕ್ಕೆ ಸೇರಿಕೊಂಡಿರುವುದು. ಇಲ್ಲಿ ಅದು ಕೈಯಿಂದ ಮಾಡುವ ಕೆಲಸ, ದುಡ್ಡು ಕೊಟ್ಟು ಮಾಡಿಸುವ ಕೆಲಸ. ಅದಕ್ಕೊಂದು ರಸೀದಿ ಇದೆ, ರಸೀದಿಯ ಮೇಲೆ ನಂಬರ್ ಇದೆ, ಆ ರಸೀದಿಯನ್ನು ‘ಆನ್‌ಲೈನ್ ಕಾಪಿ’ ಎಂದು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಪಹಣಿ, ಆಧಾರಿನ ಜೊತೆ ಟ್ರಂಕಿನಲ್ಲಿ ಜೋಪಾನ ಮಾಡುತ್ತಾರೆ. ಕಚೇರಿಯಲ್ಲಿ ಯಾರಾದರೂ ಎದುರು ಮಾತಾಡಿದರೆ ಮೊದಲು ಹೊರಬರುವುದು ಆ ಹಾಳೆ.

ಕ್ರಿಯಾಪದವನ್ನು ಮಾತ್ರ ಓದಿದರೆ ಇಲ್ಲೂ ಹಳೆಯ ಪದ ಕಾಣುತ್ತದೆ. ಹಾಕಿಸಿದ್ದೀನಿ. ತಾಲ್ಲೂಕು ಕಚೇರಿಯ ಮೆಟ್ಟಿಲ ಬಳಿ ಮೇಜಿಟ್ಟುಕೊಂಡು ಕೂರುತ್ತಿದ್ದ ಬರಹಗಾರರ ಕೈಲಿ ಬಿಳಿ ಹಾಳೆಯ ಮೇಲೆ ಬರೆಸಿ, ಕೆಳಗೆ ಹೆಬ್ಬೆಟ್ಟು ಒತ್ತಿ, ಸ್ಟಾಂಪು ಅಂಟಿಸಿ ಜನ ಹಾಕುತ್ತಿದ್ದದ್ದು ಅರ್ಜಿ. ಆ ಅರ್ಜಿ ಎದ್ದುಹೋದ ಜಾಗದಲ್ಲಿ ಈಗ ಆನ್‌ಲೈನ್ ಕೂತಿದೆ. ಹಾಕಿಸುವವರು ಅವರೇ, ‘ನಾಳೆ ಬಾ’ ಕೂಡ ಅದೇ.